ಕೀಬೋರ್ಡ್ ತಾನಾಗಿಯೇ ಬದಲಿಸಿದ ಪದವನ್ನು ಮರಳಿ ಪಡೆಯುವುದು ಹೇಗೆ?

ಪ್ರಶ್ನೆ: ಮೊಬೈಲಿನಲ್ಲಿ ಸಂದೇಶ ಬರೆಯುವಾಗ ಕೀಬೋರ್ಡ್ ಕೆಲವು ಪದಗಳನ್ನು ತಾನಾಗಿಯೇ ಬದಲಿಸಿಬಿಡುತ್ತದೆ. ಕಳುಹಿಸಿದ ಮೇಲೆ ಓದಿದಾಗಲೇ ಅದು ಗಮನಕ್ಕೆ ಬರುತ್ತದೆ. ಯಾವ ಪದ ಬದಲಾಯಿತೆಂದು ಆಗಲೇ ತಿಳಿಯಲು, ನಾನು ಬರೆದ ಪದವನ್ನೇ ಮರಳಿ ತರಲು ದಾರಿ ಇದೆಯೇ?

ಉತ್ತರ: ದಾರಿ ಇದೆ, ಆದರೆ ಅದು ತೆರೆದಿರುವುದು ಬಹಳ ಕಡಿಮೆ ಹೊತ್ತು. ನೀವು ಸ್ಪೇಸ್ ಕೀಲಿಯನ್ನೋ ವಿರಾಮಚಿಹ್ನೆಯನ್ನೋ ಒತ್ತಿದ ಕ್ಷಣದಲ್ಲೇ ತಿದ್ದುಪಡಿ ನಡೆದುಹೋಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಬೋರ್ಡ್‌ನಲ್ಲಿ, ಮುಂದಿನ ಅಕ್ಷರವನ್ನು ಒತ್ತುವ ಮೊದಲೇ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿದರೆ ನೀವು ಬರೆದ ಮೂಲಪದ ಹಾಗೆಯೇ ಮರಳುತ್ತದೆ. ಹಾಗಾಗದಿದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ, ತಿದ್ದುಪಡಿಗೆ ಸಂಬಂಧಿಸಿದ ವಿಭಾಗದಲ್ಲಿರುವ ‘ಅಂಡೂ ಆಟೋ ಕರೆಕ್ಟ್ ಆನ್ ಬ್ಯಾಕ್‌ಸ್ಪೇಸ್’ ಎಂಬ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಐಫೋನಿನಲ್ಲಿ 2023ರ ಐಓಎಸ್ 17 ತಂತ್ರಾಂಶದಿಂದ ಇನ್ನೂ ಒಳ್ಳೆಯ ಏರ್ಪಾಡು ಬಂದಿದೆ: ಬದಲಾದ ಪದದ ಕೆಳಗೆ ಸ್ವಲ್ಪ ಹೊತ್ತು ಗೆರೆ ಕಾಣಿಸುತ್ತದೆ, ಅದನ್ನು ಮುಟ್ಟಿದರೆ ನಿಮ್ಮ ಮೂಲಪದ ಸಿಗುತ್ತದೆ. ದಿನವಿಡೀ ಆದ ಬದಲಾವಣೆಗಳನ್ನು ಸಂಜೆ ಕುಳಿತು ನೋಡಬಹುದಾದ ಪಟ್ಟಿ ಮಾತ್ರ ಈ ಎರಡರಲ್ಲೂ ಇಲ್ಲ. ಆದ್ದರಿಂದ ಕಳುಹಿಸುವ ಮುನ್ನ ಹೆಸರು, ಸಮಯ, ‘ಇಲ್ಲ’ ಎಂಬರ್ಥದ ಪದ ಇವನ್ನಾದರೂ ಒಮ್ಮೆ ಓದಿಕೊಳ್ಳುವುದು ಅನಿವಾರ್ಯ.

ಸರಿಯಾಗಿ ಬರೆದ ಪದವೂ ಬದಲಾಗುವುದೇಕೆ ಎಂಬುದನ್ನು ತಿಳಿದರೆ ಎಲ್ಲಿ ಎಚ್ಚರ ಬೇಕೆಂಬುದೂ ತಿಳಿಯುತ್ತದೆ. ಕಾಗುಣಿತದ ತಪ್ಪುಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವು ಒಂದಕ್ಷರ ಬಿಟ್ಟದ್ದು, ಹೆಚ್ಚಾದದ್ದು, ತಪ್ಪಾದದ್ದು ಅಥವಾ ಅಕ್ಕಪಕ್ಕದ ಎರಡು ಅಕ್ಷರ ಅದಲುಬದಲಾದದ್ದು ಎಂದು ಕಂಪ್ಯೂಟರ್ ಸಂಶೋಧಕ ಫ್ರೆಡರಿಕ್ ಡಮೆರೊ 1964ರಲ್ಲೇ ತೋರಿಸಿದ್ದರು. ಕೀಬೋರ್ಡ್ ಕೂಡ, ತನ್ನ ನಿಘಂಟಿನಲ್ಲಿಲ್ಲದ ಪದ ಎದುರಾದಾಗ, ಅದಕ್ಕೆ ಒಂದೆರಡು ಅಕ್ಷರಗಳಷ್ಟೇ ದೂರವಿರುವ, ಹೆಚ್ಚು ಬಳಕೆಯ ಪದಗಳನ್ನು ಹುಡುಕಿ, ನಿಮ್ಮ ಬೆರಳು ಪಕ್ಕದ ಕೀಲಿಗೆ ತಾಗಿರಬಹುದೇ ಎಂದೂ ಲೆಕ್ಕಹಾಕಿ ಒಂದನ್ನು ಆರಿಸುತ್ತದೆ. ವ್ಯಕ್ತಿಗಳ ಹೆಸರು, ಊರಿನ ಹೆಸರುಗಳು ಮೊದಲು ಬಲಿಯಾಗುವುದು ಇದರಿಂದಲೇ. ಕನ್ನಡದಲ್ಲಿ ತೊಡಕು ಇನ್ನೂ ಹೆಚ್ಚು. ‘ಮನೆಯವರಿಗೂ’, ‘ಹೋಗಬೇಕಾಗಿದ್ದರಿಂದ’ ಎಂಬಂತೆ ಪ್ರತ್ಯಯಗಳು ಸೇರಿ ಆಗುವ ರೂಪಗಳಿಗೆ ಕೊನೆಯೇ ಇಲ್ಲದ ಕಾರಣ ಅವೆಲ್ಲವೂ ಯಾವ ನಿಘಂಟಿನಲ್ಲೂ ಇರಲಾರವು. ‘ಬರುತ್ತೇನೆ’ ಎಂಬುದು ‘ಬರುತ್ತಾನೆ’ ಆದರೆ ವಾಕ್ಯ ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ; ಬರುವವರೇ ಬದಲಾಗಿರುತ್ತಾರೆ. ಕಣ್ಣಿಗೆ ತಪ್ಪಾಗಿ ಕಾಣುವ ಪದಕ್ಕಿಂತ ಸರಿಯಾಗಿ ಕಾಣುವ ಇಂತಹ ಪದವೇ ಅಪಾಯಕಾರಿ ಎಂದು ನಾನು ತಿಳಿಯುತ್ತೇನೆ.

ಹೀಗಾಗಿ ಕನ್ನಡವನ್ನೂ ಇಂಗ್ಲಿಷನ್ನೂ ಬೆರೆಸಿ ಬರೆಯುವವರಿಗೆ, ಅದರಲ್ಲೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರಿಗೆ, ಆಟೋ ಕರೆಕ್ಷನ್ ಅನ್ನು ಪೂರ್ತಿ ನಿಲ್ಲಿಸಿ, ಕೀಲಿಗಳ ಮೇಲ್ಭಾಗದಲ್ಲಿ ಬರುವ ಸಲಹೆಗಳನ್ನು ಮಾತ್ರ ಉಳಿಸಿಕೊಳ್ಳಿ ಎಂದೇ ನಾನು ಹೇಳುವುದು. ಆಗ ಪದ ಬದಲಾಗಬೇಕಾದರೆ ನೀವೇ ಅದನ್ನು ಮುಟ್ಟಬೇಕಾಗುತ್ತದೆ. ನಿಲ್ಲಿಸಲು ಮನಸ್ಸಿಲ್ಲದವರು ಪದೇ ಪದೇ ಬದಲಾಗುವ ಹೆಸರುಗಳನ್ನು ಜಿಬೋರ್ಡ್‌ನ ಪರ್ಸನಲ್ ಡಿಕ್ಷನರಿಗೆ ಒಮ್ಮೆ ಸೇರಿಸಿಟ್ಟರೆ ಅವು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ.

ಪ್ರಶ್ನೆ: ಒಮ್ಮೆ ತಪ್ಪಾಗಿ ಬರೆದ ಪದವನ್ನೇ ಕೀಬೋರ್ಡ್ ಕಲಿತು ಮತ್ತೆ ಮತ್ತೆ ಸೂಚಿಸುತ್ತಿದೆ. ಅದನ್ನು ಅಳಿಸುವುದು ಹೇಗೆ?

ಉತ್ತರ: ಜಿಬೋರ್ಡ್‌ನಲ್ಲಿ ಆ ಪದ ಸಲಹೆಯಾಗಿ ಕಾಣಿಸಿದಾಗ ಅದನ್ನು ಒತ್ತಿ ಹಿಡಿದು, ಆಗ ತೋರುವ ಕಸದ ಬುಟ್ಟಿಯ ಚಿತ್ರದತ್ತ ಎಳೆದು ಬಿಡಿ, ಆ ಒಂದು ಪದ ಮಾತ್ರ ಹೋಗುತ್ತದೆ. ಐಫೋನಿನಲ್ಲಿ ‘ರೀಸೆಟ್ ಕೀಬೋರ್ಡ್ ಡಿಕ್ಷನರಿ’ ಎಂಬ ಆಯ್ಕೆ ಇದೆಯಾದರೂ, ಅದು ನೀವು ಕಲಿಸಿದ ಎಲ್ಲ ಪದಗಳನ್ನೂ ಒಟ್ಟಿಗೇ ಅಳಿಸುವುದರಿಂದ ಒಂದೇ ಪದಕ್ಕಾಗಿ ಅದನ್ನು ಬಳಸಬೇಡಿ.