ಒಣದ್ರಾಕ್ಷಿ ಬಾಕ್ಸಿನ ಲೇಬಲ್ ಯಾಕೆ ಮಾಸುತ್ತದೆ, ಯಾಕೆ ಉದುರುತ್ತದೆ? ವಿಜಯಪುರದಲ್ಲಿ ಪ್ಯಾಕಿಂಗ್ ಮಾಡುವವರು ಯಾವುದನ್ನು ಕೊಳ್ಳಬೇಕು?

ರಿಬ್ಬನ್ (ಶಾಯಿ ಲೇಪಿಸಿದ ಪಟ್ಟಿ) ಹಾಕಿ ಮುದ್ರಿಸುವ ಥರ್ಮಲ್ ಟ್ರಾನ್ಸ್‌ಫರ್ ಲೇಬಲ್ ಕೊಳ್ಳಿ. ಬಾಕ್ಸು ಕೋಲ್ಡ್ ಸ್ಟೋರೇಜಿಗೆ ಹೋಗುವುದಾದರೆ ತಣ್ಣಗಿನ ಜಾಗಕ್ಕೆಂದೇ ಮಾಡಿದ ಅಂಟಿನದನ್ನು ಕೇಳಿ.

ಮಾಸುವ ಲೇಬಲ್ ಬಹುತೇಕ ಡೈರೆಕ್ಟ್ ಥರ್ಮಲ್, ಅಂದರೆ ಅಂಗಡಿ ಬಿಲ್ಲಿನ ಕಾಗದದಂಥದ್ದು. ಅದರಲ್ಲಿ ಶಾಯಿಯೇ ಇಲ್ಲ. ಪ್ರಿಂಟರಿನ ಬಿಸಿಗೆ ಕಾಗದದ ಲೇಪನವೇ ಕಪ್ಪಾಗಿ ಅಕ್ಷರ ಮೂಡುತ್ತದೆ, ಮುದ್ರಿಸಿದ ಮೇಲೂ ಆ ಲೇಪನ ಬಿಸಿಗೆ ಸ್ಪಂದಿಸುತ್ತಲೇ ಇರುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಗಾಡಿಯಲ್ಲಿ ಇಡೀ ಲೇಬಲ್ ಕಪ್ಪಿಡಬಹುದು. ಬೆಳಕು, ಎಣ್ಣೆ ತಾಗಿದರೆ ಅಕ್ಷರ ಅಳಿಯುತ್ತದೆ. ಗುರುತಿಸುವುದು ಸುಲಭ: ಉಗುರಿನಿಂದ ಜೋರಾಗಿ ಗೀಚಿ, ಕಪ್ಪು ಗೆರೆ ಬಿದ್ದರೆ ಅದು ಡೈರೆಕ್ಟ್ ಥರ್ಮಲ್. ತೂಗಿ ಅಂದೇ ಮಾರುವ ಪೊಟ್ಟಣಕ್ಕೆ ಅದು ಸಾಕು, ತಿಂಗಳುಗಟ್ಟಲೆ ಇಡುವ ಮಾಲಿಗೆ ಖಂಡಿತ ಬೇಡ. ಬ್ಯಾಚ್ ನಂಬರ್, ಬಳಕೆಯ ಅವಧಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಕೊನೆತನಕ ಓದಲು ಬರಬೇಕು.

ರಿಬ್ಬನ್ನಿನಲ್ಲೂ ಎಡವುತ್ತಾರೆ. ಕಾಗದದ ಲೇಬಲ್‌ಗೆ ಮೇಣದ (ವ್ಯಾಕ್ಸ್) ರಿಬ್ಬನ್ ಸರಿ. ಪ್ಲಾಸ್ಟಿಕ್ ಲೇಬಲ್‌ಗೆ ಅದನ್ನೇ ಹಾಕಿದರೆ ಬೆರಳಲ್ಲಿ ಉಜ್ಜಿದಾಗಲೇ ಅಕ್ಷರ ಹೋಗುತ್ತದೆ, ಅದಕ್ಕೆ ವ್ಯಾಕ್ಸ್-ರೆಸಿನ್ (ಮೇಣ, ರಾಳ ಬೆರೆತದ್ದು) ಅಥವಾ ಬರೀ ರೆಸಿನ್ ರಿಬ್ಬನ್ ಬೇಕು.

ಉದುರುವುದಕ್ಕೆ ಕಾರಣ ಹೆಚ್ಚಾಗಿ ಅಂಟಿಸುವ ಹೊತ್ತು. ಸಾಮಾನ್ಯ ಅಂಟು ತಂಪಿನಲ್ಲಿ ಗಟ್ಟಿಯಾಗಿ ಬಾಕ್ಸಿನ ಮೇಲ್ಮೈಗೆ ಹರಡುವುದಿಲ್ಲ. ಹೊರಗಿನ ಉಷ್ಣತೆಯಲ್ಲೇ, ಧೂಳು ಒರೆಸಿದ ಒಣ ಬಾಕ್ಸಿಗೆ ಅಂಗೈಯಿಂದ ಒತ್ತಿ ಅಂಟಿಸಿ, 24 ಗಂಟೆ ಬಿಟ್ಟು ಒಳಗಿಡಿ. ಸ್ಟೋರೇಜಿನಿಂದ ಆಗಷ್ಟೇ ತೆಗೆದ, ಬೆವರಿದ ಬಾಕ್ಸಿಗೆ ಸಾಮಾನ್ಯ ಲೇಬಲ್ ನಿಲ್ಲದು.