ಪಾದ್ರಿಯಾಗದೆ ಸೇವೆ ಮಾಡಬಹುದಾ?

ಪ್ರಶ್ನೆ: ಆಂಗ್ಲಿಕನ್ ಚರ್ಚ್‌ನಲ್ಲಿ ಬೈಬಲ್ ಪಾಠ ಓದುವಾಗಲೆಲ್ಲ ಇನ್ನೂ ಏನೋ ಮಾಡಬೇಕು ಅನಿಸುತ್ತದೆ. ಪಾದ್ರಿಯಾಗುವ ಆಸೆ ಇಲ್ಲ. ಇದು ದೇವರ ಕರೆಯೇ, ಸುಮ್ನೆ ಉತ್ಸಾಹವೇ?

ಉತ್ತರ: ನನಗೂ ಹೀಗೇ ಆಗಿತ್ತು. ಎರಡು ವರ್ಷ ಯಾರಿಗೂ ಹೇಳಲಿಲ್ಲ, ಅದೇ ತಪ್ಪಾಯ್ತು. ಕರೆಯನ್ನು ಒಬ್ಬರೇ ಕೂತು ತೀರ್ಮಾನಿಸಲು ಆಗುವುದಿಲ್ಲ. ಸಭೆಯೂ ಗುರುತಿಸಬೇಕು ಅಲ್ವಾ? ಮೊದಲು ನಿಮ್ಮ ಪಾದ್ರಿಯ ಹತ್ತಿರ ಮಾತಾಡಿ. ಇಂಗ್ಲೆಂಡಿನ ಆಂಗ್ಲಿಕನ್ ಚರ್ಚ್ ಆದ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ 1866ರಿಂದ ರೀಡರ್‌ಗಳಿದ್ದಾರೆ, ಅಂದರೆ ಪಾದ್ರಿಯಾಗದೆ ಚರ್ಚ್‌ನಲ್ಲಿ ಸೇವೆ ಮಾಡುವವರು; 1969ರಿಂದ ಹೆಂಗಸರೂ ಇದ್ದಾರೆ. ತರಬೇತಿ ಮುಗಿಸಿ ಬಿಷಪ್‌ರಿಂದ ಲೈಸೆನ್ಸ್ ಪಡೆದವರು ಬೋಧಿಸಬಹುದು, ಬೆಳಗಿನ ಪ್ರಾರ್ಥನೆ ನಡೆಸಬಹುದು. ಪ್ರಭುಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ನಡೆಸುವುದು ಮಾತ್ರ ಪಾದ್ರಿಯ ಕೆಲಸ. ನನ್ನ ಮೊದಲ ಬೋಧನೆಯಲ್ಲಿ ಕಾಗದ ಹಿಡಿದ ಕೈ ನಡುಗುತ್ತಿತ್ತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಕಿವಿಯ ಹಿಂದೆ ಕೈಯಿಟ್ಟು ಕೇಳುತ್ತಿದ್ದರು. ಅವರಿಗಾಗಿಯೇ ದನಿ ಎತ್ತಿದೆ.