ಒಂದು ರೂಮು, ಹನ್ನೆರಡು ಟ್ಯಾಂಕು: ಫ್ಲಾಟಿನಲ್ಲಿ ಮೀನು ಸಾಕುವವರ ಪ್ರಶ್ನೆಗಳು

ಫ್ಲಾಟಿನಲ್ಲಿ ಅಕ್ವೇರಿಯಂ ಇಟ್ಟವರು ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬರೆದವರಲ್ಲಿ ಒಂದೇ ಟ್ಯಾಂಕ್ ಇರುವವರು ತೀರಾ ಕಡಿಮೆ! ಒಂದರಿಂದ ಶುರುವಾಗಿ ಮೂರಾಗಿ, ಆಮೇಲೆ ಅತಿಥಿಗಳ ರೂಮು ಹೋಗಿ ಮೀನಿನ ರೂಮಾದವರೇ ಹೆಚ್ಚು.

ಪ್ರಶ್ನೆ: ಜೆ.ಪಿ. ನಗರದಲ್ಲಿ ಆರನೇ ಮಹಡಿಯ ಫ್ಲಾಟ್ ನಮ್ಮದು. 10x10 ಅಡಿಯ ರೂಮು ಖಾಲಿ ಇದೆ. ಎರಡು ಅಡಿಯ 12 ಟ್ಯಾಂಕ್ ಇಡಬೇಕೆಂದಿದ್ದೇನೆ. 'ನೆಲ ಕುಸಿದರೆ ಏನ್ ಗತಿ' ಅಂತ ಅತ್ತೆ ಹೆದರಿದ್ದಾರೆ. ನಿಜವಾಗಿ ಭಯ ಇದೆಯಾ?

ಅತ್ತೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಲೆಕ್ಕ ಹಾಕೋಣ. 2x1x1 ಅಡಿಯ ಟ್ಯಾಂಕ್ ತುಂಬಿದರೆ ಸುಮಾರು 56 ಲೀಟರ್ ನೀರು, ಅಂದರೆ 56 ಕೆ.ಜಿ. ಗಾಜು, ಮರಳು, ಕಲ್ಲು ಎಲ್ಲ ಸೇರಿ 75 ಕೆ.ಜಿ. ಅಂತ ಹಿಡಿಯಿರಿ. ಹನ್ನೆರಡಕ್ಕೆ 900 ಕೆ.ಜಿ., ಕಬ್ಬಿಣದ ಸ್ಟ್ಯಾಂಡ್ ಸೇರಿದರೆ ಹತ್ತಿರ ಹತ್ತಿರ ಒಂದು ಟನ್. ನಮ್ಮ ದೇಶದಲ್ಲಿ ಕಟ್ಟಡಗಳ ಮೇಲೆ ಬೀಳುವ ಭಾರಕ್ಕೆ ಐಎಸ್ 875 ಎಂಬ ಮಾನದಂಡ ಇದೆ. ವಾಸದ ಕೋಣೆಗೆ ಅದು ಹೇಳುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದಾಜು 200 ಕೆ.ಜಿ. ನಿಮ್ಮ ರೂಮು 9.3 ಚದರ ಮೀಟರ್, ಹಾಗಾಗಿ ಒಟ್ಟು 1,860 ಕೆ.ಜಿ. ಬರುತ್ತೆ. 'ಅಯ್ಯೋ ಇನ್ನೂ ಜಾಗ ಇದೆ' ಅಂತ ಖುಷಿಪಡಬೇಡಿ. ಆ 200 ಕೆ.ಜಿ. ರೂಮಿನ ತುಂಬ ಹರಡಿದ ಭಾರದ ಲೆಕ್ಕ. ನೀವು ಆರು ಟ್ಯಾಂಕ್‌ಗಳನ್ನು ಮೂರು ಅಂತಸ್ತಿನಲ್ಲಿ ಒಂದರ ಮೇಲೊಂದು ಇಟ್ಟರೆ ಅರ್ಧ ಚದರ ಮೀಟರೂ ಇಲ್ಲದ ಜಾಗದ ಮೇಲೆ 500 ಕೆ.ಜಿ. ನಿಂತಿರುತ್ತೆ, ಅದೂ ನಾಲ್ಕು ಕಾಲಿನ ಮೇಲೆ.

ಅದಕ್ಕೆ ಎರಡು ಸ್ಟ್ಯಾಂಡನ್ನೂ ಒಂದೇ ಕಡೆ ಇಡಬೇಡಿ. ಎದುರುಬದುರು ಗೋಡೆಗೆ ಒಂದೊಂದು ಇರಲಿ, ಕೆಳಗೆ ಬೀಮ್ ಇರುವ ಗೋಡೆಯಾದರೆ ಇನ್ನೂ ಒಳ್ಳೆಯದು. ರೂಮಿನ ನಡುವೆ ಬೇಡ. ಕಾಲುಗಳ ಕೆಳಗೆ ಉದ್ದಕ್ಕೂ ದಪ್ಪ ಹಲಗೆ ಕೊಡಿ. ಬಾಲ್ಕನಿಯಲ್ಲಂತೂ ಬೇಡವೇ ಬೇಡ. ಆರನೇ ಮಹಡಿ, ಒಂದನೇ ಮಹಡಿ ಎರಡೂ ಒಂದೇ, ಯಾಕಂದ್ರೆ ನಿಮ್ಮ ಭಾರ ಹೊರುವುದು ನಿಮ್ಮ ಸ್ಲ್ಯಾಬು. ಅಸೋಸಿಯೇಷನ್ ಹತ್ತಿರ ಕಟ್ಟಡದ ಸ್ಟ್ರಕ್ಚರಲ್ ಡ್ರಾಯಿಂಗ್ ಇರುತ್ತೆ. ಅದನ್ನು ತೆಗೆದುಕೊಂಡು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಟ್ಯಾಂಕ್ ಕೊಳ್ಳುವ ಮೊದಲು ತೋರಿಸಿ, ಆಮೇಲಲ್ಲ.

ಇನ್ನೊಂದು ಮಾತು. ಸ್ಟ್ಯಾಂಡ್ ವೆಲ್ಡ್ ಮಾಡಿಸುವಾಗ ಎಲ್ಲರೂ ಟ್ಯಾಂಕಿನ ಎತ್ತರ ಅಳೆಯುತ್ತಾರೆ, ಕೈ ಆಡಿಸುವ ಜಾಗ ಮರೆಯುತ್ತಾರೆ. ಮೇಲೆ ಹತ್ತು ಇಂಚಾದರೂ ಖಾಲಿ ಇರಬೇಕು, ಇಲ್ಲದಿದ್ದರೆ ಬಲೆ ಹಾಕೋಕೂ ಆಗಲ್ಲ. ಕೆಳಗಿನ ಅಂತಸ್ತು ನೆಲದಿಂದ ಒಂದು ಅಡಿ ಮೇಲಿರಲಿ. ನೆಲಕ್ಕೇ ಕೂರಿಸಿದರೆ ಪೈಪಿನಿಂದ ಬಕೆಟ್ಟಿಗೆ ನೀರು ಇಳಿಯಲ್ಲ.

ಪ್ರಶ್ನೆ: ಹತ್ತು ಟ್ಯಾಂಕಿಗೆ ಹತ್ತು ಮೋಟಾರ್ ಫಿಲ್ಟರ್ ಹಾಕಿದ್ದೇನೆ. ವೈರುಗಳ ಜಾತ್ರೆ ಆಗಿದೆ. ಎಲ್ಲಕ್ಕೂ ಸೇರಿ ಕೆಳಗೆ ಒಂದೇ ದೊಡ್ಡ ಫಿಲ್ಟರ್ ಇಡಬಹುದಾ? (ಮೈಸೂರು)

ಇಡಬಹುದು, ಆದರೆ ನಾನಾದರೆ ಇಡಲ್ಲ. ಎಲ್ಲ ಟ್ಯಾಂಕಿನ ನೀರು ಒಂದೇ ಕಡೆ ಸೇರಿ ವಾಪಸ್ ಹೋದರೆ, ಒಂದರಲ್ಲಿ ಬಿಳಿ ಚುಕ್ಕೆ ರೋಗ ಬಂದ ದಿನ ಹತ್ತಕ್ಕೂ ಬಂತು ಅಂತಲೇ ಲೆಕ್ಕ. ಮನೆಯ ಮೀನಿನ ರೂಮಿಗೆ ಸರಿಹೋಗುವುದು ಟ್ಯಾಂಕಿಗೊಂದು ಸ್ಪಾಂಜ್ ಫಿಲ್ಟರ್ (ಗಾಳಿಯ ಗುಳ್ಳೆಗಳೇ ನೀರನ್ನು ಸ್ಪಾಂಜಿನ ಮೂಲಕ ಎಳೆಯುತ್ತವೆ, ಮೋಟಾರ್ ಬೇಡ), ರೂಮಿಗೊಂದು ಏರ್ ಪಂಪ್. 35–40 ವಾಟ್‌ನ ಲೀನಿಯರ್ ಪಂಪ್ ಒಂದಿದ್ದರೆ ಹತ್ತು ಹನ್ನೆರಡು ಸ್ಪಾಂಜಿಗೆ ಧಾರಾಳ. ಪಂಪಿನಿಂದ ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಗೋಡೆಯ ಸುತ್ತ ಒಯ್ದು ಮತ್ತೆ ಶುರುವಿಗೇ ತಂದು ಸೇರಿಸಿ. ಹೀಗೆ ಸುತ್ತು ಪೂರ್ತಿಯಾದರೆ ಕೊನೆಯ ಟ್ಯಾಂಕಿಗೂ ಗಾಳಿ ಸಮನಾಗಿ ಸಿಗುತ್ತೆ. ಒಂದೊಂದು ಟ್ಯಾಂಕಿಗೂ ಒಂದೊಂದು ಪುಟ್ಟ ವಾಲ್ವ್ ಇರಲಿ. ಗಾಳಿ ಯಾವಾಗಲೂ ಆಳ ಕಡಿಮೆ ಇರುವ ಕಡೆಗೇ ಓಡುತ್ತೆ, ಅದನ್ನು ವಾಲ್ವ್ ತಿರುವಿ ಸರಿ ಮಾಡಿಕೊಳ್ಳಬೇಕು.

ಪಂಪು ಎಲ್ಲ ಟ್ಯಾಂಕಿನ ನೀರಿಗಿಂತ ಎತ್ತರದಲ್ಲಿರಲಿ. ಕರೆಂಟ್ ಹೋದಾಗ ನೀರು ಪೈಪಿನೊಳಗೆ ಹಿಂದಕ್ಕೆ ಬಂದು ಪಂಪಿಗೆ ನುಗ್ಗಿದರೆ ಪಂಪು ಸುಡುತ್ತೆ, ನೆಲವೂ ಕೆರೆಯಾಗುತ್ತೆ. ಕೆಳಗೆ ಇಡಲೇಬೇಕಾದರೆ ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕಿ. ಪಂಪಿನ ಅಡಿಗೆ ರಬ್ಬರ್ ಮ್ಯಾಟ್ ಕೊಡಿ, ಮಲಗುವ ಕೋಣೆಯ ಗೋಡೆಗೆ ತಾಗಿಸಬೇಡಿ.

ಇದರಲ್ಲಿ ದೊಡ್ಡ ಲಾಭ ಅಂದರೆ ಇನ್ವರ್ಟರ್. ಹತ್ತು ಮೋಟಾರನ್ನು ಮನೆಯ ಇನ್ವರ್ಟರ್ ಎಷ್ಟು ಹೊತ್ತು ಎಳೆದೀತು? ಒಂದು 40 ವಾಟಿನ ಪಂಪಾದರೆ ರಾತ್ರಿಯಿಡೀ ನಡೆಯುತ್ತೆ. ಸ್ಪಾಂಜಿನಲ್ಲಿ ಮೀನಿನ ಗಲೀಜನ್ನು ಜೀರ್ಣ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವುದು ಅವೇ. ಅವಕ್ಕೂ ಆಮ್ಲಜನಕ ಬೇಕು. ಗಂಟೆಗಟ್ಟಲೆ ಗಾಳಿ ನಿಂತರೆ ಮೀನಿನ ಜೊತೆ ಅವೂ ಸಾಯುತ್ತವೆ. ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆಯುವುದೂ ಅಷ್ಟೇ ಅಪಾಯ, ನೀರಲ್ಲಿರುವ ಕ್ಲೋರಿನ್ ಅವನ್ನೆಲ್ಲ ಕೊಲ್ಲುತ್ತೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ವೈರುಗಳ ವಿಷಯಕ್ಕೆ ಬಂದರೆ, ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೆ ಬರಲಿ, ಆಗ ಹನಿ ಪ್ಲಗ್ಗಿಗೆ ಇಳಿಯಲ್ಲ. ಆ ರೂಮಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಇಷ್ಟನ್ನೂ ಮಾಡದೆ ಒದ್ದೆ ಕೈಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಮುಟ್ಟುವವರ ಧೈರ್ಯಕ್ಕೆ ನಮಸ್ಕಾರ.

ಪ್ರಶ್ನೆ: ಕೆಲಸಕ್ಕೆ ಹೋಗುವವರು ಎಷ್ಟು ಟ್ಯಾಂಕ್ ನೋಡಿಕೊಳ್ಳಬಹುದು? ನನ್ನ ಹತ್ತಿರ ಈಗ 9 ಇವೆ. (ಯಲಹಂಕ)

ಮೀನು ಎಣಿಸಬೇಡಿ, ಬಕೆಟ್ ಎಣಿಸಿ. ಮೀನಿಗೆ ಊಟ ಹಾಕೋಕೆ ಹತ್ತು ನಿಮಿಷ ಸಾಕು. ಕೆಲಸ ಇರುವುದು ನೀರು ಬದಲಿಸುವುದರಲ್ಲಿ. ಎರಡು ಅಡಿಯ 12 ಟ್ಯಾಂಕಿದ್ದು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಬದಲಿಸಿದರೆ, ಮರಳು ಕಲ್ಲಿನ ಜಾಗ ಕಳೆದರೂ ಹತ್ತಿರ ಹತ್ತಿರ 200 ಲೀಟರ್, ಅಂದರೆ 20 ಲೀಟರಿನ ಹತ್ತು ಬಕೆಟ್ ಹೊರಗೆ, ಹತ್ತು ಬಕೆಟ್ ಒಳಗೆ. ಪ್ರತಿ ಭಾನುವಾರ. ಊರಿಂದ ನೆಂಟರು ಬಂದ ಭಾನುವಾರವೂ. ಸೊಂಟ ನೋವಿದ್ದ ಭಾನುವಾರವೂ. ಒಂಬತ್ತು ಟ್ಯಾಂಕಿನ ಈ ಕೆಲಸ ಈಗ ಬೇಜಾರಿಲ್ಲದೆ ನಡೆಯುತ್ತಿದ್ದರೆ ಹತ್ತನೆಯದನ್ನು ಯೋಚಿಸಿ. ಎರಡು ವಾರ ತಪ್ಪಿ ಮೂರನೇ ವಾರಕ್ಕೆ ಹೋಗುತ್ತಿದ್ದರೆ ಎರಡನ್ನು ಯಾರಿಗಾದರೂ ಕೊಡಿ. ಸಣ್ಣ ಸಣ್ಣ ಆರು ಟ್ಯಾಂಕಿಗಿಂತ ನಾಲ್ಕು ಅಡಿಯ ಒಂದು ಟ್ಯಾಂಕ್ ಸುಲಭ, ನೀರು ಜಾಸ್ತಿ ಇದ್ದಷ್ಟೂ ಅದು ಬೇಗ ಕೆಡಲ್ಲ. ಆದರೆ ಈ ಮಾತನ್ನು ಮರಿ ಮಾಡಿಸುವ ಹುಚ್ಚು ಹತ್ತಿದವರು ಕೇಳಲ್ಲ, ಗೊತ್ತು.

ಬಾಯಲ್ಲಿ ಪೈಪ್ ಕಚ್ಚಿ ನೀರೆಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಾಗೆಯೇ ಕೈ ಮೇಲೆ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ನೀರಿನಿಂದ ಚರ್ಮಕ್ಕೆ ಹತ್ತುವ ಒಂದು ಹಟಮಾರಿ ಸೋಂಕಿದೆ, ವಾಸಿಯಾಗೋಕೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಒಂದಿನ ಕಾವೇರಿ, ಒಂದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಮೀನಿಗೆ ಯಾವುದು ಒಳ್ಳೆಯದು? ಇಷ್ಟು ನೀರು ಚೆಲ್ಲುತ್ತೀರಿ ಅಂತ ಪಕ್ಕದ ಮನೆಯವರ ತಕರಾರೂ ಇದೆ. (ಬೆಂಗಳೂರು)

ಮೂರಕ್ಕಿಂತ ಕೆಟ್ಟದ್ದು ಅಂದರೆ ಮೂರೂ ಬದಲಾಗುತ್ತಿರುವುದು. ಬೋರ್‌ವೆಲ್ ನೀರು ಗಡಸು, ಕಾವೇರಿ ಅದಕ್ಕಿಂತ ಮೆದು. ಮೀನು ಎರಡಕ್ಕೂ ಹೊಂದಿಕೊಳ್ಳಬಹುದು, ಆದರೆ ರಾತ್ರೋರಾತ್ರಿ ಅಲ್ಲ. 200 ಲೀಟರಿನ ಒಂದು ಡ್ರಮ್ ಇಟ್ಟುಕೊಂಡು ವಾರದ ನೀರನ್ನು ಮೊದಲೇ ತುಂಬಿ, ಒಳಗೆ ಗಾಳಿ ಬಿಡಿ. ಒಂದು ದಿನ ಗಾಳಿ ಆಡಿದರೆ ಕ್ಲೋರಿನ್ ಹೋಗುತ್ತೆ, ಅವಸರ ಇದ್ದರೆ ಅಂಗಡಿಯ ಆಂಟಿ ಕ್ಲೋರಿನ್ ಹಾಕಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ, ಇನ್ನೂರು ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಸಿಗುತ್ತೆ, ಡ್ರಮ್ಮಿನ ನೀರಿಗೂ ಟ್ಯಾಂಕಿನ ನೀರಿಗೂ ತುಂಬಾ ವ್ಯತ್ಯಾಸ ಕಂಡರೆ ಸ್ವಲ್ಪ ಸ್ವಲ್ಪವೇ ಬದಲಿಸಿ. ಬೋರ್ ನೀರೇ ಜಾಸ್ತಿ ಬರುವ ಮನೆಯಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಸಾಕಿ, ಗಡಸು ನೀರು ಅವಕ್ಕೆ ಇಷ್ಟ. ಮೆದು ನೀರು ಬೇಡುವ ಕಾರ್ಡಿನಲ್ ಟೆಟ್ರಾ ತಂದು ನೀರಿನ ಜೊತೆ ಜಗಳ ಆಡೋದು ಯಾಕೆ?

ಪಕ್ಕದ ಮನೆಯವರ ತಕರಾರಲ್ಲಿ ಅರ್ಥ ಇದೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು, ನೆನಪಿದೆ ಅಲ್ವಾ? ತೆಗೆದ ನೀರನ್ನು ಮೋರಿಗೆ ಬಿಡಬೇಡಿ. ಅದರಲ್ಲಿ ನೈಟ್ರೇಟ್ ಇರುತ್ತೆ, ಗಿಡಗಳಿಗೆ ಒಳ್ಳೆಯ ಗೊಬ್ಬರ. ಉಳಿದದ್ದು ನೆಲ ಒರೆಸಲು, ಟಾಯ್ಲೆಟ್ಟಿಗೆ. ಎರಡು ಬಕೆಟ್ ಆ ಮನೆಯ ಗಿಡಗಳಿಗೂ ಕೊಟ್ಟು ನೋಡಿ. ಉಪ್ಪು ಅಥವಾ ಔಷಧಿ ಹಾಕಿದ ಟ್ಯಾಂಕಿನ ನೀರು ಮಾತ್ರ ಗಿಡಕ್ಕೆ ಬೇಡ.

ಪ್ರಶ್ನೆ: ಯಜಮಾನರ ಮೀನಿನ ರೂಮಿನಿಂದ ಗೋಡೆಯೆಲ್ಲ ಬೂಷ್ಟು. ವಾರ್ಡ್‌ರೋಬಿನ ಸೀರೆಗಳೂ ವಾಸನೆ. ಏನು ಮಾಡಲಿ? (ಮಂಗಳೂರು)

ಮೊದಲು ಸೀರೆಗಳನ್ನು ಆ ರೂಮಿನಿಂದ ಹೊರಗೆ ತನ್ನಿ ಮೇಡಂ. ಆಮೇಲೆ ಯಜಮಾನರಿಗೆ ಹೇಳಿ ಪ್ರತಿ ಟ್ಯಾಂಕಿಗೂ ಗಾಜಿನ ಮುಚ್ಚಳ ಹಾಕಿಸಿ, ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಇಡಿಸಿ. ಮಂಗಳೂರಿನ ಮಳೆಗಾಲಕ್ಕೆ ಅದೂ ಸಾಲದು, ಡಿಹ್ಯೂಮಿಡಿಫೈಯರ್ ಬೇಕಾದೀತು. ಅದರ ದುಡ್ಡು ಮೀನಿನ ಬಜೆಟ್ಟಿನಿಂದಲೇ ಹೋಗಲಿ.

ಪ್ರಶ್ನೆ: ಗಪ್ಪಿ ಮರಿಗಳು ನೂರಾರು ಆಗಿವೆ. ಹತ್ತಿರದ ಕೆರೆಗೆ ಬಿಟ್ಟರೆ ಸೊಳ್ಳೆಯಾದರೂ ಕಡಿಮೆಯಾಗುತ್ತಲ್ವಾ? (ತುಮಕೂರು)

ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಮೀನು, ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ಕೂಡ ಅಲ್ಲಿನದೇ. ಸಾಕಿ ಸಾಕಾಗಿ ಬಿಟ್ಟ ಸಕ್ಕರ್‌ಗಳು ಇವತ್ತು ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿವೆ. ಗಂಡು ಹೆಣ್ಣು ಬೇರೆ ಮಾಡಿ. ಆದರೂ ಹೆಣ್ಣು ಗಪ್ಪಿ ಒಮ್ಮೆ ಕೂಡಿದರೆ ತಿಂಗಳುಗಟ್ಟಲೆ ಮರಿ ಹಾಕುತ್ತಲೇ ಇರುತ್ತೆ, ಹಾಗಾಗಿ ತಾಳ್ಮೆ ಬೇಕು. ಅಂಗಡಿಯವರಿಗೆ ಕೊಟ್ಟು ಬದಲಿಗೆ ಮೀನಿನ ಊಟ ತನ್ನಿ. ಬೆಳೆದ ಏಂಜಲ್ ಮೀನು ಇದ್ದರೆ ಮಿಕ್ಕಿದ್ದನ್ನು ಅದೇ ನೋಡಿಕೊಳ್ಳುತ್ತೆ.

ಪ್ರಶ್ನೆ: ಚಳಿಗಾಲಕ್ಕೆ ಎಲ್ಲ ಟ್ಯಾಂಕಿಗೂ ಹೀಟರ್ ಬೇಕಾ?

ಬೇಡ. ಬೆಂಗಳೂರಿನ ಜನವರಿಯನ್ನು ಗಪ್ಪಿ, ಜೀಬ್ರಾ, ಗೋಲ್ಡ್ ಫಿಶ್ ಸುಲಭವಾಗಿ ತಡೆಯುತ್ತವೆ. ಬಿಸಿ ಗಾಳಿ ಮೇಲೇರುವುದರಿಂದ ರೂಮಿನ ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಯಾವಾಗಲೂ ಬೆಚ್ಚಗಿರುತ್ತೆ. ಶಾಖ ಬೇಕಾದ ಮೀನುಗಳನ್ನು ಮೇಲಿಡಿ. 28 ಡಿಗ್ರಿ ಬೇಕೇ ಬೇಕು ಅನ್ನುವ ಡಿಸ್ಕಸ್‌ಗೆ ಮಾತ್ರ ಹೀಟರ್.

ಪ್ರಶ್ನೆ: ದಸರಾಕ್ಕೆ ಒಂದು ವಾರ ಊರಿಗೆ ಹೋಗುತ್ತಿದ್ದೇವೆ. ಮೀನಿಗೆ ಊಟ ಹಾಕಲು ಎದುರು ಮನೆಯ ಹುಡುಗನಿಗೆ ಹೇಳಲಾ? (ಹುಬ್ಬಳ್ಳಿ)

ಬೆಳೆದ ಮೀನು ಒಂದು ವಾರ ಉಪವಾಸ ಇದ್ದರೆ ಏನೂ ಆಗಲ್ಲ. ಪಾಪ ಅಂತ ಆ ಹುಡುಗ ಮುಷ್ಟಿ ಮುಷ್ಟಿ ಹಾಕಿದರೆ ನೀರು ಕೆಟ್ಟು ಸಾಯುತ್ತವೆ. ಮರಿಗಳಿರುವ ಟ್ಯಾಂಕಿಗೆ ಮಾತ್ರ ದಿನದ ಊಟ ಬೇಕು, ಅದನ್ನು ದಿನಕ್ಕೊಂದು ಪುಟ್ಟ ಪೊಟ್ಟಣ ಮಾಡಿ ಕೊಡಿ. ಪಂಪು ಗುಳುಗುಳು ಅನ್ನುತ್ತಿದೆಯಾ, ನೆಲ ಒದ್ದೆಯಾಗಿದೆಯಾ ನೋಡು ಅಂತ ಹೇಳಿ. ಊಟದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗಿ.